ಅರಮನೆಯಲ್ಲಿ ಕೊಳಗ, ನಮ್ಮ ಅಟ್ಟದಲ್ಲಿ ಬರೀ ಧೂಳು
ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯ ನಮಗೆ ಹೇಳುವ ಮಾತು

ಮೈಸೂರಿಗೆ ಹೋದ ನಮ್ಮ ಕಡೆಯ ಬೆಳೆಗಾರರು ನೋಡುವ ಸ್ಥಳಗಳು ಯಾವುವೆಂದು ಎಲ್ಲರಿಗೂ ಗೊತ್ತು. ದೊಡ್ಡ ಅರಮನೆ, ಚಾಮುಂಡಿ ಬೆಟ್ಟ, ಮೃಗಾಲಯ. ಹೊತ್ತು ಉಳಿದರೆ ಕೃಷ್ಣರಾಜಸಾಗರ. ಕುಕ್ಕರಹಳ್ಳಿ ಕೆರೆಯ ಆಚೆ, ವಿಶ್ವವಿದ್ಯಾನಿಲಯದ ಆವರಣದೊಳಗೆ ದಿಬ್ಬದ ಮೇಲೆ ಇನ್ನೊಂದು ಅರಮನೆ ಇದೆ ಎಂಬುದನ್ನು ತಿಳಿದವರು ಕಡಿಮೆ. ತಿಳಿದು ಹೋಗಿ ಬಂದವರು ಇನ್ನೂ ಕಡಿಮೆ.

ಬಹಳ ವರ್ಷಗಳ ಹಿಂದೆ ಮಗನ ಕಾಲೇಜಿನ ಕೆಲಸಕ್ಕೆಂದು ಮೈಸೂರಿಗೆ ಹೋದಾಗ ನಾನೂ ನನ್ನ ಭಾವನೂ ಅಲ್ಲಿಗೆ ಹೋಗಿದ್ದೆವು. ಕೆತ್ತನೆಯ ಬಾಗಿಲು ದಾಟಿ ಒಳಗೆ ಹೋದರೆ ರಾಜರ ಸಿಂಹಾಸನವೂ ಇಲ್ಲ, ಕತ್ತಿ ಗುರಾಣಿಗಳ ಸಾಲೂ ಇಲ್ಲ. ಇದ್ದುದು ಕೊಳಗ, ಸೇರು, ಒನಕೆ, ದೀಪದ ಕಂಬ, ಬಣ್ಣದ ಗೊಂಬೆ, ಕಂಬಳಿ, ಕೃಷಿಯ ಸಲಕರಣೆ. ಭಾವ ಒಂದು ಕೊಳಗದ ಮುಂದೆ ನಿಂತು, "ಇದನ್ನು ನೋಡಲಿಕ್ಕೆ ಇಷ್ಟು ದೂರ ಬರಬೇಕಿತ್ತಾ ಭಾವ? ನಮ್ಮ ಅಟ್ಟದಲ್ಲೇ ಇದೆಯಲ್ಲ, ಇದಕ್ಕಿಂತ ದೊಡ್ಡದು" ಎಂದು ನಕ್ಕರು. ನಾನೂ ನಕ್ಕೆ.

ಊರಿಗೆ ಮರಳಿ ಅಟ್ಟ ಹತ್ತಿ ನೋಡಿದರೆ ಕೊಳಗ ಇರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಹಳೆ ಪಾತ್ರೆ ಕೊಳ್ಳುವವನೊಬ್ಬ ಮನೆಬಾಗಿಲಿಗೆ ಬಂದಿದ್ದನಂತೆ. ಹಿತ್ತಾಳೆ ಕಟ್ಟು ಹಾಕಿದ್ದ ಆ ಕೊಳಗವನ್ನು, ಎರಡು ಒಡಕು ಚೊಂಬಿನ ಜೊತೆಗೆ, ತೂಕಕ್ಕೆ ಹಾಕಿ ಕೊಟ್ಟಾಗಿತ್ತು. ಮೂರು ತಲೆಮಾರು ಆಳುಗಳಿಗೆ ಭತ್ತ ಅಳೆದ ಕೊಳಗ ಅದು. ಯಾವ ಪೇಟೆಯ ಯಾರ ಮನೆಯಲ್ಲಿ ಅದೀಗ ಕೊಡೆ ಇಡುವ ಬುಟ್ಟಿಯಾಗಿದೆಯೋ ತಿಳಿಯದು.

ಈ ಲೇಖನ ಬರೆಯಲು ಆ ಖಾಲಿ ಅಟ್ಟವೇ ಕಾರಣ.

ಅರಸುಕುಮಾರಿಯ ಮನೆ

ಜಯಲಕ್ಷ್ಮೀವಿಲಾಸ ಕಟ್ಟಿದ್ದು 1905ರಲ್ಲಿ. ಹತ್ತನೆಯ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಾಸಕ್ಕಾಗಿ ಕಟ್ಟಿದ ಮನೆ ಇದು. ಚಾಮರಾಜ ಒಡೆಯರೇ ಕಟ್ಟಿಸಿದರೆಂದು ಕೆಲವರು ಹೇಳುವುದುಂಟು. ಆದರೆ ಅವರು 1894ರಲ್ಲಿಯೇ ತೀರಿಕೊಂಡಿದ್ದರು. ಮನೆ ಎದ್ದದ್ದು ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಅರಸುಕುಮಾರಿಯ ಪತಿ ಸರದಾರ್ ಎಂ. ಕಾಂತರಾಜ ಅರಸರು ಮುಂದೆ ಮೈಸೂರಿನ ದಿವಾನರೂ ಆದರು.

ಮನೆ ಎಂದರೆ ಸಾಮಾನ್ಯ ಮನೆಯಲ್ಲ. 125 ಕೋಣೆಗಳು, 300 ಕಿಟಕಿಗಳು, 287 ಕೆತ್ತನೆಯ ಬಾಗಿಲುಗಳು. ಕಲ್ಯಾಣಮಂಟಪದ ಮೇಲೆ ಬಣ್ಣದ ಗಾಜಿನ ಗುಮ್ಮಟ. ಎತ್ತರದ ಕಂಬಗಳು, ಮರದ ಕುಸುರಿ, ಗಾರೆಯ ಹೂಬಳ್ಳಿ. ಹತ್ತು ಬಾಗಿಲು ಹದಿನೈದು ಕಿಟಕಿಯ ತೊಟ್ಟಿಮನೆಯನ್ನೇ ದೊಡ್ಡದೆಂದು ತಿಳಿದ ನಮ್ಮಂಥವರಿಗೆ ಮೊದಲು ಬರುವ ಯೋಚನೆ, 'ಇಷ್ಟು ಬಾಗಿಲನ್ನು ದಿನಾ ಸಂಜೆ ಹಾಕುವವರು ಯಾರು?' ಎಂಬುದೇ.

ಅದೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಪತ್ತಿನ ಸಹಕಾರ ಸಂಘವೊಂದು ನೋಂದಣಿಯಾಯಿತೆಂಬುದನ್ನು ನಮ್ಮ ಸದಸ್ಯರು ಇಲ್ಲಿ ನೆನೆಯಬಹುದು. 1904ರಲ್ಲಿ ಬಂದ ಸಹಕಾರ ಕಾನೂನಿನ ಮೊದಲ ಫಲಗಳಲ್ಲಿ ಅದೊಂದು. ಒಂದೇ ವರ್ಷ ಒಂದು ಕಡೆ ಒಬ್ಬರಿಗಾಗಿ ಮಹಲು ಎದ್ದಿತು, ಇನ್ನೊಂದು ಕಡೆ ಊರವರೆಲ್ಲ ಸೇರಿ ಒಂದು ಪೆಟ್ಟಿಗೆ ಇಟ್ಟರು. ಮಹಲೂ ಕೊನೆಗೆ ಊರವರ ಸಾಮಾನು ಇಡುವ ಮನೆಯೇ ಆಯಿತೆಂಬುದು ಕಾಲದ ಮಾತು.

ಮಲೆನಾಡಿನವರೊಬ್ಬರ ಕಣ್ಣು

ಅರಮನೆ ವಿದ್ಯಾಮನೆಯಾದ ಕತೆಯಲ್ಲಿ ನಮ್ಮ ಸೀಮೆಯವರೊಬ್ಬರ ಪಾತ್ರ ದೊಡ್ಡದು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಕುವೆಂಪು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಅಡಿಕೆ ತೋಟ, ಗದ್ದೆ, ಕಾಡುಗಳ ನಡುವೆ ಬೆಳೆದವರು. ಸ್ನಾತಕೋತ್ತರ ವಿದ್ಯೆಗೆ ಪ್ರತ್ಯೇಕ ಆವರಣ ಬೇಕೆಂದು ಕೆರೆಯ ಪಕ್ಕದ ಈ ಎತ್ತರದ ನೆಲವನ್ನು ಆರಿಸಿ, 'ಮಾನಸಗಂಗೋತ್ರಿ' ಎಂದು ಹೆಸರಿಟ್ಟವರು ಅವರೇ. ಜಯಲಕ್ಷ್ಮೀವಿಲಾಸವೂ ವಿಶ್ವವಿದ್ಯಾನಿಲಯದ ಸ್ವತ್ತಾಯಿತು.

1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. ದೇ. ಜವರೇಗೌಡರು ಅದರ ಮುಂದಾಳು. ಹಳ್ಳಿಯ ಹಾಡು, ಕತೆ, ಆಟ, ಕುಣಿತಗಳೂ ವಿದ್ಯೆಯೇ, ಅವುಗಳನ್ನೂ ಕೂಡಿಸಿ ಓದಬೇಕು ಎಂಬ ವಿಚಾರ ಆಗ ಬಲಗೊಂಡಿತ್ತು. ಜೀ.ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಹಾಡುಗಾರರನ್ನು ಹುಡುಕಿಕೊಂಡು ಊರೂರು ತಿರುಗಿದರು. ಹಾಡನ್ನು ಬರೆದುಕೊಳ್ಳಬಹುದು, ಹಾಡುವಾಗ ಬೀಸುತ್ತಿದ್ದ ಕಲ್ಲನ್ನು ಏನು ಮಾಡುವುದು? ಅದಕ್ಕೊಂದು ಜಾಗ ಬೇಕಲ್ಲ. ಹೀಗೆ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು.

ಅದಕ್ಕಾಗಿ ಹಳ್ಳಿಹಳ್ಳಿ ಅಲೆದವರಲ್ಲಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಹೆಸರನ್ನು ಮರೆಯುವಂತಿಲ್ಲ. ಚಿತ್ರದುರ್ಗ ಸೀಮೆಯಿಂದ ಬಂದ ಈ ಚಿತ್ರಕಾರರು ಕೊಟ್ಟಿಗೆ, ಅಟ್ಟ, ಗುಡಿಯ ಮೂಲೆಗಳಲ್ಲಿ ಬಿದ್ದಿದ್ದ ವಸ್ತುಗಳನ್ನು ಕಲಾವಿದರ ಕಣ್ಣಿನಿಂದ ನೋಡಿದರು. ಉಳಿದವರಿಗೆ ಸೌದೆಯಾಗಿ ಕಂಡದ್ದು ಅವರಿಗೆ ಶಿಲ್ಪವಾಗಿ ಕಂಡಿತು. ಹೀಗೆ ಕೂಡಿಸಿದ ವಸ್ತುಗಳ ಸಂಖ್ಯೆ 6,500ಕ್ಕೂ ಮೇಲೆ.

ಒಳಗೆ ಏನೇನಿದೆ?

ಆಟ ಕುಣಿತಗಳ ಸಾಮಗ್ರಿ ಒಂದು ಬಗೆ. ಚರ್ಮವನ್ನು ಹದ ಮಾಡಿ, ತೂತು ಕೊರೆದು, ಬಣ್ಣ ಹಚ್ಚಿದ ತೊಗಲುಗೊಂಬೆಗಳಿವೆ. ದೀಪದ ಮುಂದೆ ಹಿಡಿದರೆ ಪರದೆಯ ಮೇಲೆ ರಾಮಾಯಣವೇ ನಡೆಯುತ್ತದೆ. ಯಕ್ಷಗಾನದ ವೇಷಭೂಷಣಗಳಿವೆ, ಮರದ ಗೊಂಬೆಗಳಿವೆ. ಹಬ್ಬದಲ್ಲಿ ಹೊತ್ತು ಕುಣಿಯುವ ಸೋಮನ ಮುಖಗಳಂತೂ ನೋಡಿದವರಿಗೆ ಬಹುಕಾಲ ನೆನಪಿರುತ್ತವೆ. ಕೆಂಪು ಮುಖ, ಅಗಲವಾದ ಕಣ್ಣು, ದಪ್ಪ ಮೀಸೆ. ಊರಮ್ಮನ ಹಬ್ಬದಲ್ಲಿ ಕುಣಿದು ಬಂದ ದೇವರು ಇಲ್ಲಿ ಗೋಡೆಗೆ ಒರಗಿ ನಿಂತಂತಿದೆ.

ಮನೆಬಳಕೆಯ ವಸ್ತುಗಳು ಇನ್ನೊಂದು ಬಗೆ. ದೀಪ, ಪಾತ್ರೆ, ಬುಟ್ಟಿ, ಆಟಿಕೆ, ಆಭರಣ. ಮೂರನೆಯದು ಬೇಸಾಯದ್ದು, ಅಳತೆಯದ್ದು. ನಮ್ಮ ಸದಸ್ಯರು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ ಎಂದು ನನಗೆ ತೋರುತ್ತದೆ.

ಅಳತೆಯ ಪಾತ್ರೆಗಳನ್ನು ಬರಿಯ ಪಾತ್ರೆಗಳೆಂದು ತಿಳಿಯಬಾರದು. 1958ರಿಂದ ದೇಶದಲ್ಲಿ ಕಿಲೋ ತೂಕ ಹಂತಹಂತವಾಗಿ ಜಾರಿಗೆ ಬರುವವರೆಗೆ ಸೇರು, ಪಾವು, ಕೊಳಗ, ಮಣಗಳದ್ದೇ ರಾಜ್ಯ. ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ವ್ಯತ್ಯಾಸ. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಇಟ್ಟುಕೊಂಡವರ ಕತೆಗಳನ್ನು ನಮ್ಮ ಅಜ್ಜಂದಿರು ಹೇಳಿದ್ದನ್ನು ಯಾರು ಕೇಳಿಲ್ಲ? ತಲೆತಟ್ಟಿ ಅಳೆಯುವುದು, ರಾಶಿಯಾಗಿ ಅಳೆಯುವುದು, ಎರಡಕ್ಕೂ ನಡುವೆ ಒಂದು ವರ್ಷದ ಊಟವೇ ಹೆಚ್ಚು ಕಡಿಮೆಯಾಗುತ್ತಿತ್ತು. ಸರಿಯಾದ ತೂಕ, ಬರೆದಿಟ್ಟ ಲೆಕ್ಕ, ಕೈಗೆ ಕೊಡುವ ಚೀಟಿ, ಇವಿಷ್ಟಕ್ಕಾಗಿಯೇ ಸಹಕಾರ ಸಂಘಗಳು ಹುಟ್ಟಿದವೆಂದರೂ ತಪ್ಪಿಲ್ಲ. ಆ ಹಳೆಯ ಕೊಳಗ ನಮ್ಮ ಚರಿತ್ರೆಯ ಸಾಕ್ಷಿ. ಸಾಕ್ಷಿಯನ್ನು ನಾವೇ ತೂಕಕ್ಕೆ ಹಾಕಿ ಮಾರಿದ್ದೇವೆ.

ಅರಮನೆಗೂ ಸೋರುವ ಮಾಡು

ದೊಡ್ಡ ಮನೆಗೆ ದೊಡ್ಡ ಕಾಯಿಲೆ. ಜಯಲಕ್ಷ್ಮೀವಿಲಾಸವೂ ಸುಖವಾಗಿ ಉಳಿದು ಬಂದದ್ದಲ್ಲ. ವರ್ಷಗಳು ಕಳೆದಂತೆ ಚಾವಣಿ ಸೋರಿತು, ಗಾರೆ ಉದುರಿತು, ಮರ ಕುಂಬಾಯಿತು. 2000ದ ದಶಕದ ಆರಂಭದ ವರ್ಷಗಳಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸುಮಾರು 1 ಕೋಟಿ 17 ಲಕ್ಷ ರೂಪಾಯಿ ಖರ್ಚಿನಲ್ಲಿ ಜೀರ್ಣೋದ್ಧಾರವಾಯಿತು. ಮನೆ ಮತ್ತೆ ಕಳೆಗಟ್ಟಿತು. ಆದರೆ ಮುಂದಿನ ವರ್ಷಗಳಲ್ಲಿ ಮಳೆ ಮತ್ತೆ ಒಳಗೆ ಬಂದಿತು. ಚಾವಣಿ ಗೋಡೆಗಳ ಸ್ಥಿತಿ ಕೆಟ್ಟು ನೋಡುಗರ ಪ್ರವೇಶವನ್ನೇ ನಿಲ್ಲಿಸಬೇಕಾಯಿತು. ಈಚೆಗೆ ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಎಂಬ ಸಂಸ್ಥೆ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿಯ ಸಹಾಯದಿಂದ ವಸ್ತುಸಂಗ್ರಹಾಲಯವಿರುವ ಪಶ್ಚಿಮದ ಭಾಗದ ದುರಸ್ತಿಯನ್ನು ಕೈಗೆತ್ತಿಕೊಂಡಿದೆ. ಹೋಗಬಯಸುವವರು ಮೊದಲು ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಕೋಟಿಗಟ್ಟಲೆ ಹಾಕಿ ಕಟ್ಟಿದ ಮೇಲೂ ಮನೆ ಸೋರುವುದೇಕೆ? ಇದು ಹಳೆಯ ಮನೆಯಲ್ಲಿ ವಾಸಿಸುವ ನಮಗೆಲ್ಲ ತಿಳಿದಿರಬೇಕಾದ ವಿಷಯ. ಆ ಕಾಲದ ಕಟ್ಟಡಗಳ ಗಾರೆ ಸುಣ್ಣದ್ದು. ಸುಣ್ಣದ ಗೋಡೆ ನೀರನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಬಿಸಿಲು ಬಿದ್ದಾಗ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಒಳಗೆ ಹೋದ ನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಗೋಡೆ ಒಳಗಿಂದ ಕೊಳೆಯುತ್ತದೆ, ತೊಲೆಯ ತುದಿ ಕುಂಬಾಗುತ್ತದೆ, ಗೆದ್ದಲು ಬರುತ್ತದೆ. ಮಾಡಿನ ನೀರು ಹರಿಯುವ ದೋಣಿಯಲ್ಲಿ ಒಂದು ಹಿಡಿ ತರಗೆಲೆ ನಿಂತರೂ ಸಾಕು. ನೀರು ಗೋಡೆಗೆ ಇಳಿಯುತ್ತದೆ. ಹಕ್ಕಿ ಹಾಕಿದ ಒಂದು ಅರಳಿ ಬೀಜ ಬಿರುಕಿನಲ್ಲಿ ಬೇರು ಬಿಟ್ಟರೆ ಹತ್ತು ವರ್ಷದಲ್ಲಿ ಗೋಡೆ ಸೀಳುತ್ತದೆ.

ಅಂದರೆ ಹಳೆಯ ಮನೆಯನ್ನು ಉಳಿಸುವುದು ಒಂದು ಸಲದ ಖರ್ಚಲ್ಲ, ವರ್ಷವರ್ಷದ ಕೆಲಸ. ತೋಟದ ಹಾಗೆಯೇ. ಒಂದು ವರ್ಷ ಬೋರ್ಡೊ ಹೊಡೆದು ಮೂರು ವರ್ಷ ಬಿಟ್ಟರೆ ಕೊಳೆರೋಗ ಬಿಡುವುದುಂಟೆ? ಅರಮನೆಗೂ ಅದೇ ನ್ಯಾಯ.

ಕುಪ್ಪಳಿಯಲ್ಲಿ, ಮಣಿಪಾಲದಲ್ಲಿ

ಅರಸರ ಮನೆಯ ಮಾತು ಬಿಡಿ, ನಮ್ಮಂಥವರ ಮನೆ ಉಳಿದಿದೆಯೇ ಎಂದು ಕೇಳುವವರು ಕುಪ್ಪಳಿಗೆ ಹೋಗಬೇಕು. ತೀರ್ಥಹಳ್ಳಿಯಿಂದ ಕೊಪ್ಪದ ದಾರಿಯಲ್ಲಿ ಸಿಗುವ ಕುವೆಂಪು ಅವರ ಪೂರ್ವಿಕರ ಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಕಾಪಾಡಿ 'ಕವಿಮನೆ' ಮಾಡಿದೆ. ಹೆಂಚಿನ ಮಾಡು, ಉಪ್ಪರಿಗೆ, ನಡುವೆ ಆಕಾಶ ಕಾಣುವ ಅಂಗಳ, ಸುತ್ತ ಜಗಲಿ. ಕವಿಯ ಪುಸ್ತಕ, ಬಟ್ಟೆ, ಪ್ರಶಸ್ತಿಗಳ ಜೊತೆಗೆ ಮಲೆನಾಡಿನ ಒಕ್ಕಲು ಮನೆಯ ಸಾಮಾನುಗಳೂ ಅಲ್ಲಿವೆ. ಕವಿತೆ ಓದದವರೂ ಆ ಮನೆಯಲ್ಲಿ ತಮ್ಮ ಅಜ್ಜಿಯ ಮನೆಯನ್ನು ಕಾಣುತ್ತಾರೆ. 2015ರ ನವೆಂಬರಿನಲ್ಲಿ ಅಲ್ಲಿ ಕಳ್ಳತನವಾಗಿ ಕವಿಯ ಪದ್ಮ ಪ್ರಶಸ್ತಿಯ ಪದಕಗಳು ಹೋದವು. ಮನೆ ಉಳಿಸುವುದೆಂದರೆ ಕಾಯುವುದೂ ಹೌದೆಂದು ಆಗ ಎಲ್ಲರಿಗೂ ಅರಿವಾಯಿತು.

ಮಣಿಪಾಲದ ವಿಜಯನಾಥ ಶೆಣೈಯವರದ್ದು ಇನ್ನೊಂದು ದಾರಿ. ಬ್ಯಾಂಕ್ ನೌಕರಿಯಲ್ಲಿದ್ದ ಅವರು ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ತೊಲೆ, ಕಂಬ, ಬಾಗಿಲುಗಳ ಸಮೇತ ಬಿಚ್ಚಿ ತಂದು, ಹಸ್ತಶಿಲ್ಪ ಎಂಬ ಹೆಸರಿನಲ್ಲಿ ಮತ್ತೆ ನಿಲ್ಲಿಸಿದರು. ಕರಾವಳಿಯ ಮನೆಗಳೂ ಬಯಲುಸೀಮೆಯ ಮಹಲುಗಳೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಅವರು 2017ರಲ್ಲಿ ತೀರಿಕೊಂಡರು. ತಂದ ಮನೆಗಳು ನಿಂತಿವೆ.

ಕೊಡಗಿನ ಐನ್‌ಮನೆಗಳದ್ದು ಮೂರನೆಯ ದಾರಿ. ಅವು ಸಂಗ್ರಹಾಲಯಗಳಲ್ಲ, ಒಕ್ಕದವರೆಲ್ಲರ ಹಿರಿಯರ ಮನೆಗಳು. ಮಕ್ಕಳು ಬೇರೆ ಬೇರೆ ತೋಟಗಳಲ್ಲಿ, ಬೇರೆ ಬೇರೆ ಪೇಟೆಗಳಲ್ಲಿ ನೆಲೆಸಿದ್ದರೂ ಪುತ್ತರಿಗೆ, ಹಿರಿಯರ ಕಾರ್ಯಕ್ಕೆ ಅಲ್ಲಿ ಸೇರುತ್ತಾರೆ. ದುರಸ್ತಿಯ ಖರ್ಚನ್ನು ಹಂಚಿಕೊಳ್ಳುತ್ತಾರೆ. ಎಲ್ಲ ಒಕ್ಕಗಳಲ್ಲೂ ಇದು ಸರಾಗವಾಗಿ ನಡೆಯುತ್ತದೆ ಎಂದಲ್ಲ. ಆದರೆ ವರ್ಷಕ್ಕೊಮ್ಮೆ ದೀಪ ಹಚ್ಚುವ ಮನೆ ಬೇಗ ಬೀಳುವುದಿಲ್ಲ.

ನಮ್ಮ ಮನೆಗಳ ಪಾಡು

ನಮ್ಮಲ್ಲಿ ಅಣ್ಣತಮ್ಮಂದಿರ ಪಾಲಾದಾಗ ಮೊದಲು ಒಡೆಯುವುದು ತೊಟ್ಟಿಮನೆ. ತೋಟವನ್ನು ಸಾಲು ಎಣಿಸಿ ಹಂಚಬಹುದು, ಅಂಗಳವನ್ನು ಹಂಚುವುದು ಹೇಗೆ? ನಡುವೆ ಗೋಡೆ ಏಳುತ್ತದೆ. ಮುಂದೆ ಹೊಸ ಮನೆಗೆ ಹಣ ಬೇಕಾದಾಗ ಹಳೆಯ ಬೀಟೆ ಕಂಬ, ಹಲಸಿನ ಬಾಗಿಲು ಮಾರಾಟಕ್ಕೆ ಹೋಗುತ್ತವೆ. ಇದನ್ನು ತಪ್ಪೆನ್ನಲಾಗದು. ಅಡಿಕೆಗೆ ಕೊಳೆ, ಕಾಫಿಗೆ ಧಾರಣೆ ಇಲ್ಲದ ವರ್ಷ ಮಗಳ ಮದುವೆಯೂ ಬಂದರೆ ಕಂಬವನ್ನು ಅಪ್ಪಿಕೊಂಡು ಕೂರಲಾಗುವುದಿಲ್ಲ. ಹಳೆಯ ಮನೆಯನ್ನು ಹಾಗೆಯೇ ಉಳಿಸಿ ಎಂದು ಹೇಳುವುದು ಸುಲಭ, ಹೆಂಚು ಹೊದೆಸುವವನ ಕೂಲಿ ಕೊಡುವವರು ನಾವು.

ಆದ್ದರಿಂದ ಮನೆಯನ್ನೇ ಉಳಿಸಲಾಗದವರು ಕಡೆಯ ಪಕ್ಷ ವಸ್ತುವನ್ನು ಉಳಿಸಬಹುದು. ವಸ್ತುವನ್ನೂ ಇಡಲು ಜಾಗವಿಲ್ಲದವರು ಅದರ ಹೆಸರನ್ನಾದರೂ ಉಳಿಸಬಹುದು. ಹೆಸರು ಹೋದರೆ ವಸ್ತು ಬರೀ ಮರದ ತುಂಡು. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ, ಮಳೆಗಾಲದ ನಾಟಿಗೆ ಹೊದೆಯುತ್ತಿದ್ದ ಗೊರಬು, ಅಡಿಕೆ ಹಾಳೆಯ ಟೊಪ್ಪಿ. ಇವುಗಳಲ್ಲಿ ಎಷ್ಟನ್ನು ನಮ್ಮ ಮೊಮ್ಮಕ್ಕಳು ಹೆಸರಿಸಬಲ್ಲರು? ಸಂಗ್ರಹಾಲಯಕ್ಕೆ ಒಂದು ವಸ್ತು ಬಂದಾಗ ವಿದ್ವಾಂಸರು ಮೊದಲು ಕೇಳುವುದು ಬೆಲೆಯನ್ನಲ್ಲ. ಯಾವ ಊರು, ಏನೆಂದು ಕರೆಯುತ್ತಿದ್ದರು, ಯಾರು ಬಳಸುತ್ತಿದ್ದರು ಎಂದು. ಆ ಉತ್ತರ ನಮ್ಮ ಮನೆಯ ಎಂಬತ್ತರ ಅಜ್ಜಿಯ ಹತ್ತಿರ ಮಾತ್ರ ಇದೆ.

ಮಾಡಬಹುದಾದ ಕೆಲವು ಕೆಲಸ

1. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವಾಗ ಅಟ್ಟದ ಸಾಮಾನನ್ನೂ ಕೆಳಗಿಳಿಸಿ ನೋಡಿರಿ. ಮಾಡಿನ ದೋಣಿಯ ಕಸ ತೆಗೆಸಿರಿ. ಗೋಡೆಯ ಬಿರುಕಿನಲ್ಲಿ ಗಿಡ ಕಂಡರೆ ಸಣ್ಣದಿರುವಾಗಲೇ ಬೇರುಸಹಿತ ಕೀಳಿರಿ.

2. ಸುಣ್ಣ ಅಥವಾ ಮಣ್ಣಿನ ಹಳೆಯ ಗೋಡೆಗೆ ಸಿಮೆಂಟು ಮೆತ್ತುವ ಮೊದಲು ಹಳೆಯ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕೇಳಿರಿ.

3. ಹಿಂದೆ ಅಡುಗೆಮನೆಯ ಹೊಗೆ ಅಟ್ಟಕ್ಕೆ ಏರಿ ಮರಕ್ಕೆ ಹುಳ ಬೀಳದಂತೆ ಕಾಯುತ್ತಿತ್ತು. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲು ಹೋಗಿದೆ. ಮರದ ವಸ್ತುಗಳನ್ನು ನೆಲಕ್ಕೆ, ಗೋಡೆಗೆ ತಾಗದಂತೆ, ಗಾಳಿಯಾಡುವ ಕಡೆ ಇಡಿರಿ.

4. ಹಳೆಯ ವಸ್ತುವಿಗೆ ವಾರ್ನಿಷು, ಬಣ್ಣ ಬಳಿಯಬೇಡಿ. ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

5. ತಾಳೆಗರಿ, ಕಡತ, ಹಳೆಯ ಲೆಕ್ಕದ ಪುಸ್ತಕ ಸಿಕ್ಕರೆ ಒಲೆಗೆ ಹಾಕಬೇಡಿ. ಓದಬಲ್ಲವರಿಗೆ ತೋರಿಸಿರಿ.

6. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದೊಂದು ವಸ್ತುವಿನ ಹೆಸರು, ಬಳಕೆ, ಮಾಡಿದವರು ಯಾರು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.

7. ಕೊಳ್ಳುವವರು ಬಾಗಿಲಿಗೆ ಬಂದರೆ ಅಂದೇ ಕೊಡಬೇಡಿ. 'ಮನೆಯಲ್ಲಿ ಕೇಳಿ ಹೇಳುತ್ತೇವೆ' ಎನ್ನಿ. ಒಂದು ರಾತ್ರಿ ಕಳೆದರೆ ಎಷ್ಟೋ ವಸ್ತುಗಳು ಉಳಿಯುತ್ತವೆ.

ಸಂಘದ ಮಟ್ಟದಲ್ಲಿಯೂ ಒಂದು ಕೆಲಸವಾಗಬಹುದು. ವಾರ್ಷಿಕ ಮಹಾಸಭೆಯ ದಿನ ಸದಸ್ಯರು ಮನೆಯಿಂದ ಒಂದೊಂದು ಹಳೆಯ ವಸ್ತು ತಂದು, ಸಭಾಂಗಣದ ಒಂದು ಮೂಲೆಯ ಮೇಜಿನ ಮೇಲೆ ಹೆಸರು ಬರೆದು ಇಟ್ಟು, ಸಂಜೆ ಮರಳಿ ಕೊಂಡೊಯ್ಯಬಹುದು. ಖರ್ಚಿಲ್ಲ. ಲೆಕ್ಕಪತ್ರ ಮಂಡನೆಗೆ ಬಾರದ ಹೆಂಗಸರೂ ಮಕ್ಕಳೂ ಅದನ್ನು ನೋಡಲು ಬಂದಾರು.

ಜಯಲಕ್ಷ್ಮೀವಿಲಾಸದ ಆ ಕೊಳಗದ ಮುಂದೆ ನಾವು ನಕ್ಕಿದ್ದೆವಲ್ಲ, ಆ ನಗು ಈಗ ನೆನಪಾದರೆ ನಾಚಿಕೆಯಾಗುತ್ತದೆ. ನಮ್ಮ ಕೊಳಗ ಇನ್ನು ಬಾರದು. ಆದರೆ ಅದರ ಕತೆ ಭಾವನಿಗೆ ಗೊತ್ತಿತ್ತು. ಯಾವ ಆಚಾರಿ ಕಡೆದದ್ದು, ಹಿತ್ತಾಳೆ ಕಟ್ಟು ಹಾಕಿಸಿದ್ದು ಯಾರ ಮದುವೆಯ ವರ್ಷ, ಬಾಯಿಯ ಅಂಚು ಸೀಳಿದ್ದು ಹೇಗೆ, ಎಲ್ಲವೂ. ಕಳೆದ ಮಳೆಗಾಲದಲ್ಲಿ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಅದನ್ನೆಲ್ಲ ಬರೆದುಕೊಂಡೆ. ಎರಡು ಪುಟವಾಯಿತು. ನಿಮ್ಮ ಅಟ್ಟದಲ್ಲಿ ಕೊಳಗವೇ ಇದ್ದರೆ ನೀವು ನನಗಿಂತ ಶ್ರೀಮಂತರು. ಈ ಬೇಸಿಗೆಯಲ್ಲಿ ಒಮ್ಮೆ ಅಟ್ಟ ಹತ್ತಿ ನೋಡಿ. ಕಂಡದ್ದನ್ನು ನಾಲ್ಕು ಸಾಲು ಬರೆದು ಈ ಪತ್ರಿಕೆಗೂ ಕಳಿಸಿ.